ಬುಡಕ್ಕೆ ಗುರಿಯಿಡುವ ಆಟ

ಜಯನಗರದಲ್ಲಿ ಮೆಟ್ರೊ ಹತ್ತಿ ಬನಶಂಕರಿಯಲ್ಲಿ ಇಳಿಯುವಷ್ಟರಲ್ಲಿ ಮುಗಿದುಹೋಗುವ ಆಟ ಇದು. ಫೋನಿನ ಬ್ರೌಸರ್‌ನಲ್ಲಿ ಲಿಂಕ್ ತೆರೆದರೆ ಸಾಕು, ಎದುರಾಳಿ ಬಿಟಿಎಂ ಲೇಔಟ್‌ನ ಪಿಜಿಯಲ್ಲಿದ್ದರೂ ಇಬ್ಬರ ಹಲಗೆಗಳೂ ಅಕ್ಕಪಕ್ಕ ಕಾಣುತ್ತವೆ. ಕೆಳಗಿನಿಂದ ಬಣ್ಣದ ಗುಳ್ಳೆ ಹಾರಿಸಬೇಕು. ಒಂದೇ ಬಣ್ಣದ ಮೂರು ಕೂಡಿದರೆ ಒಡೆಯುತ್ತವೆ. ಸರದಿ ಕಾಯುವುದಿಲ್ಲ, ಇಬ್ಬರೂ ಒಟ್ಟಿಗೇ ಆಡುತ್ತಾರೆ. ಹಾಗಾಗಿ ಇದು ಬೆರಳಿನ ಚುರುಕಿನ ಆಟವೆಂದೇ ಹೆಚ್ಚಿನವರ ಅಂದಾಜು. ಆ ಅಂದಾಜು ನನಗೆ ಒಪ್ಪಿಗೆಯಿಲ್ಲ. ಬೆರಳು ಆಡುವ ಮೊದಲೇ ತೀರ್ಮಾನ ಮಾಡಿಟ್ಟುಕೊಂಡವರೇ ಇಲ್ಲಿ ಗೆಲ್ಲುತ್ತಾರೆ.

ಈ ಬಗೆಯ ಆಟಗಳಿಗೆ ಮಾದರಿ ಜಪಾನಿನ ಟೈಟೊ ಕಂಪನಿ 1994ರಲ್ಲಿ ತಂದ ಪಜಲ್ ಬಾಬಲ್. ಅದರಲ್ಲಿ ಒಂದು ಸಾಲಿಗೆ 8 ಗುಳ್ಳೆ, ಮರುಸಾಲಿಗೆ 7. ಜೇನುಗೂಡಿನ ಕೋಶಗಳಂತೆ ನಡುವಿನ ಪ್ರತಿ ಗುಳ್ಳೆಗೂ ಸುತ್ತ 6 ನೆರೆ. ಮೂರು ಒಡೆದಾಗ ಅವಕ್ಕೆ ಜೋತುಬಿದ್ದಿದ್ದವೆಲ್ಲ, ಬಣ್ಣ ಯಾವುದೇ ಇರಲಿ, ಕಳಚಿ ಬೀಳುತ್ತವೆ. ಇಬ್ಬರ ಆಟದಲ್ಲಿ ಹೀಗೆ ಬಿದ್ದವು ಎದುರಾಳಿಯ ಹಲಗೆಗೆ ಹೊರೆಯಾಗಿ ಹೋಗುತ್ತವೆ. ಆಟದ ಜೀವವೇ ಇಲ್ಲಿದೆ. ಸಿಕ್ಕ ಸಿಕ್ಕ ಮೂರನ್ನು ಒಡೆಯುತ್ತ ಹೋಗುವವರ ಹಲಗೆ ಹಗುರಾದೀತು, ಎದುರಾಳಿಗೆ ಮಾತ್ರ ಬಿಸಿ ಮುಟ್ಟುವುದಿಲ್ಲ. ಮೇಲಂಚಿಗೆ ಅಂಟಿದ ಎರಡು ಕೆಂಪು ಗುಳ್ಳೆ, ಅವುಗಳ ಕೆಳಗೆ ಹಳದಿ, ನೀಲಿಯ ಗೊಂಚಲು ಇದೆಯೆನ್ನಿ. ಮುಂದೆ ಬರುವುದು ಕೆಂಪು ಎಂದು ಮೂಲೆಯಲ್ಲಿ ನೋಡಿಕೊಂಡ ಆಟಗಾರ, ಕೈಯಲ್ಲಿರುವ ಹಸಿರನ್ನು ದಾರಿಗೆ ಅಡ್ಡವಾಗದ ಕಡೆ ಅಂಟಿಸಿ, ಕೆಂಪನ್ನು ಗೋಡೆಗೆ ತಾಗಿಸಿ ನೇರ ಬುಡಕ್ಕೆ ಕಳಿಸುತ್ತಾನೆ. ಗೊಂಚಲಿಗೆ ಗೊಂಚಲೇ ಉದುರುತ್ತದೆ. ಕೇರಂನಲ್ಲಿ ರೀಬೌಂಡ್ ಹೊಡೆದು ಪಳಗಿದವರಿಗೆ ಈ ಕೋನ ಹೊಸದಲ್ಲ. ಸ್ಟ್ರೈಕರ್ ಚೌಕಟ್ಟಿಗೆ ಬಡಿದು ವೇಗ ಕಳೆದುಕೊಳ್ಳುತ್ತದೆ, ಗುಳ್ಳೆ ಕಳೆದುಕೊಳ್ಳುವುದಿಲ್ಲ, ಅಷ್ಟೇ. ಇನ್ನು ಆಟಗಾರನ ವೇಗದ ವಿಷಯಕ್ಕೆ ನಮ್ಮ ಅಳಗುಳಿಮನೆಯೇ ಸಾಕ್ಷಿ. 14 ಗುಳಿಗಳ ಆ ಮಣೆಯ ಮುಂದೆ ಕೂತ ಪಳಗಿದ ಅಜ್ಜಿಗೆ, ಹುಣಸೆಬೀಜ ಎತ್ತುವ ಮೊದಲೇ ಕಡೆಯ ಬೀಜ ಯಾವ ಗುಳಿಗೆ ಬೀಳುತ್ತದೆಂದು ಗೊತ್ತು. ಕೈ ಸರಸರ ಓಡುವುದು ಆಮೇಲೆ. ಗುಳ್ಳೆಯಾಟದ ವೇಗವೂ ಅದೇ ಜಾತಿಯದು.

ಯಾವ ಬಣ್ಣ ಬರುತ್ತದೆಂಬುದು ಅದೃಷ್ಟವಲ್ಲವೇ ಎಂದು ಕೇಳಬಹುದು. ಇಬ್ಬರಿಗೂ ಒಂದೇ ಕ್ರಮದಲ್ಲಿ ಬಣ್ಣ ಕೊಡುವ ಆಟಗಳಲ್ಲಿ ಆ ಮಾತು ನಿಲ್ಲುವುದಿಲ್ಲ. ಗೆದ್ದವರಿಗೆ ಸಿಕ್ಕ ಗುಳ್ಳೆಗಳೇ ಸೋತವರಿಗೂ ಸಿಕ್ಕಿರುತ್ತವೆ. ಒಬ್ಬರ ಮನೆಯಲ್ಲಿ ಫೈಬರ್, ಇನ್ನೊಬ್ಬರ ಕೈಯಲ್ಲಿ ಕುಂಟುವ ಮೊಬೈಲ್ ಡೇಟಾ ಇದ್ದರೆ? ಗುರಿಯಿಡುವುದು, ಒಡೆಯುವುದು ಎರಡೂ ಅವರವರ ಫೋನಿನಲ್ಲೇ ನಡೆಯುವಂತೆ ರೂಪಿಸಿದ್ದರೆ ತಡವಾಗುವುದು ಎದುರಾಳಿ ಕಳಿಸಿದ ಹೊರೆ ಮಾತ್ರ. ಬಂದೂಕಿನ ಆಟಗಳಲ್ಲಿ ಈ ಸಮಾಧಾನವಿಲ್ಲ.

ಹಣದ ಆಕ್ಷೇಪ ಹೆಚ್ಚು ಭಾರವಾದದ್ದು. ಬೆಂಗಳೂರಿನಲ್ಲೇ ಹುಟ್ಟಿದ ಎಂಪಿಎಲ್ ಎಂಬ ಆಟಗಳ ಆ್ಯಪ್‌ನಲ್ಲಿ ಬಬಲ್ ಶೂಟರ್ ಅನ್ನು ದುಡ್ಡು ಕಟ್ಟಿ ಆಡುತ್ತಿದ್ದರು. ಇಂಥ ಪಣದ ಆಟಗಳ ಮೇಲೆ ರಾಜ್ಯ 2021ರಲ್ಲಿ ತಂದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿತು. ಆಟದ ಗುಣದ ದೃಷ್ಟಿಯಿಂದಲೂ ಅದು ಸರಿಯಾದ ಕ್ರಮವೆಂದೇ ನನ್ನ ನಿಲುವು. ಪಣವಿಟ್ಟ ಕೈ ಬುಡಕ್ಕಾಗಿ ಕಾಯುವುದಿಲ್ಲ, ಹೆದರಿ ಸಿಕ್ಕ ಮೂರನ್ನೇ ಒಡೆಯುತ್ತದೆ. ಕಾಸು ಕೇಳದ, ಮುಂದಿನ ಗುಳ್ಳೆ ತೋರಿಸುವ, ಇಬ್ಬರಿಗೂ ಒಂದೇ ಕ್ರಮ ಕೊಡುವ ಆಟವನ್ನು ಆರಿಸಿಕೊಳ್ಳಿ. ಮನೆಯವರೊಬ್ಬರನ್ನು ಎದುರಿಗೆ ಕೂರಿಸಿಕೊಂಡು, ಏನನ್ನೂ ಕೆಡವದ ಮೂರನ್ನು ಒಡೆಯುವುದಿಲ್ಲ ಎಂಬ ಹಟದಲ್ಲಿ ಒಂದು ಸುತ್ತು ಆಡಿ ನೋಡಿ.