ತೂಗದ ಗಾಂಧಾರ: ಒಂದು ಟಿಪ್ಪಣಿಯ ವ್ಯಾಖ್ಯಾನ

ಶ್ರಾವಣ ಬಹುಳ ದ್ವಿತೀಯಕ್ಕೆ ಮಂತ್ರಾಲಯದಲ್ಲಿ ರಾಯರ ಆರಾಧನೆ. ಅದು ಹತ್ತಿರವಾದಂತೆ ಆದವಾನಿಯಲ್ಲಿ ಪಾಠಕ್ಕೆ ಬರುವ ಮಕ್ಕಳಿಗೆ ದಾಸರ ಪದಗಳ ಅಭ್ಯಾಸ ಹೆಚ್ಚುತ್ತದೆ. ಒಬ್ಬ ಹುಡುಗಿ ನೀಲಾಂಬರಿಯಲ್ಲಿ ಜೋಗುಳವೊಂದನ್ನು ಹಾಡಿದಳು. ಅವಳ ಪುಸ್ತಕದಲ್ಲಿ ನಾನು ಬರೆದ ಸಾಲುಗಳನ್ನೇ ಇಲ್ಲಿ ಬಿಡಿಸುತ್ತಿದ್ದೇನೆ.

“ಶ್ರುತಿ ಸಾಲದು.”

ಇದನ್ನು ಬರೆದು ಹೊಡೆದುಹಾಕಿದೆ. ‘ಸಾಲದು’ ಎಂದರೆ ಮಗು ನಾಳೆ ಬೆಳಿಗ್ಗೆ ಏನು ಮಾಡಬೇಕು? ತಪ್ಪು ನಡೆದ ಜಾಗ ಈ ಮಾತಿನಲ್ಲಿ ಇಲ್ಲ, ತೀರ್ಪು ಮಾತ್ರ ಇದೆ.

“ಪಲ್ಲವಿಯ ಕೊನೆಯ ಷಡ್ಜ ತಂಬೂರಿಯೊಳಗೆ ಕೂತಿತು. ಅದು ನೆನಪಿರಲಿ.”

ಹೊಡೆದ ಸಾಲಿನ ಜಾಗಕ್ಕೆ ಬಂದದ್ದು ಇದು. ‘ಚೆನ್ನಾಗಿತ್ತು’ ಎಂದು ಬರೆಯಲಿಲ್ಲ, ಏಕೆಂದರೆ ಯಾವುದು ಚೆನ್ನಾಗಿತ್ತೆಂದು ತಿಳಿಯದ ಮಗು ಅದನ್ನು ಮತ್ತೆ ಮಾಡಲಾರದು. ಕೂತ ಷಡ್ಜದ ಗುರುತು ಸಿಕ್ಕರೆ ಅಲುಗಿದ ಷಡ್ಜವನ್ನು ಅವಳ ಕಿವಿಯೇ ಹಿಡಿಯುತ್ತದೆ.

“ಚರಣದಲ್ಲಿ ಕಾಲ ಓಡಿತು, ಗಾಂಧಾರ ತೂಗಲಿಲ್ಲ.”

‘ತೂಗು’ ಎಂಬ ಮಾತನ್ನು ಯೋಚಿಸಿಯೇ ಬರೆದೆ. ನೀಲಾಂಬರಿಯಲ್ಲಿ ಗಾಂಧಾರ–ಮಧ್ಯಮಗಳ ನಡುವಿನ ಓಲಾಟಕ್ಕೆ ಅವಸರ ಸಲ್ಲದು. ಕಾಲಪ್ರಮಾಣ ಏರಿದರೆ ಗಮಕ ಚಪ್ಪಟೆಯಾಗುತ್ತದೆ, ಕೇವಲ ಸ್ವರ ಉಳಿಯುತ್ತದೆ. ‘ನಿನಗೆ ಗಮಕ ಬರುವುದಿಲ್ಲ’ ಎಂದಿದ್ದರೆ ಅದು ಸುಳ್ಳಾಗುತ್ತಿತ್ತು. ಹೆದರಿಕೆಯಿಂದ ಕೈಯ ಆದಿತಾಳ ಓಡಿತ್ತು, ಗಂಟಲು ಅದರ ಹಿಂದೆ ಹೋಯಿತು. ಆದ್ದರಿಂದ ಮೊದಲು ಹಾಡಿಲ್ಲದೆ ಎಂಟು ಅಕ್ಷರಗಳನ್ನು ಕೈಯಲ್ಲಿ ಹಾಕಿಸಿದೆ. ಆಮೇಲೆ ಸಾಹಿತ್ಯವಿಲ್ಲದೆ ಅಕಾರದಲ್ಲಿ ಚರಣ. ಮೂರನೆಯ ಆವೃತ್ತಿಗೆ ಗಾಂಧಾರ ತಾನೇ ತೂಗತೊಡಗಿತು. ತಪ್ಪು ಕೇಳಿಸಿದ ಜಾಗ ಒಂದು, ಹುಟ್ಟಿದ ಜಾಗ ಇನ್ನೊಂದು. ಈ ಎರಡನ್ನು ಬೇರೆಮಾಡುವ ಹೊಣೆ ಕಲಿಸುವವರದು.

“‘ಜೋ’ ಎನ್ನುವ ಮುಂಚೆ ‘ಜೀವ’ ಎಂದು ನೋಡು.”

ಇದು ನಮ್ಮ ಸೀಮೆಯದೇ ಸಾಲು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಾದವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ನನ್ನ ಹುಡುಗಿ ದಾಸರ ಪದವನ್ನು ಬರೆದುಕೊಳ್ಳುವುದು ತೆಲುಗು ಲಿಪಿಯಲ್ಲಿ. ತೆಲುಗಿನ ದೇಶ್ಯ ಪದಗಳಲ್ಲಿ ಅ, ಉ, ಒಗಳ ಮುಂದೆ ಚ–ಜಗಳು ಹಲ್ಲಿನ ಬುಡಕ್ಕೆ ಸರಿಯುತ್ತವೆ. ಇ, ಎಗಳ ಮುಂದೆ ಕನ್ನಡದಂತೆಯೇ ತಾಲುವಿನಲ್ಲಿ ನಿಲ್ಲುತ್ತವೆ. ಹಾಗಾಗಿ ಅವಳ ಜೋಗುಳದ ‘ಜೋ’ ಸ್ವಲ್ಪ ‘ದ್ಜೋ’ ಆಯಿತು. ನಾಲಿಗೆ ಕೆಟ್ಟಿಲ್ಲ, ಎರಡು ಭಾಷೆಗಳನ್ನು ಹೊತ್ತಿದೆ. ‘ಕನ್ನಡ ಶುದ್ಧವಿಲ್ಲ’ ಎಂದು ಎಲ್ಲರೆದುರು ಅಂದರೆ ಆ ಮಗು ಪದವನ್ನೇ ಬಿಟ್ಟೀತು ಎಂಬ ಭಯ ನನಗಿದೆ. ‘ಜೀವ’ದಲ್ಲಿ ನಾಲಿಗೆ ಮುಟ್ಟಿದ ಕಡೆಯಲ್ಲೇ ‘ಜೋ’ ಇಡು ಎಂದೆ. ಅವಳಿಗೆ ಗೊತ್ತಿರುವ ಸದ್ದೇ ಅದು. ಎರಡೇ ಸಲಕ್ಕೆ ಸರಿಹೋಯಿತು.

“ಗುರುವಾರಕ್ಕೆ ಒಂದೇ ಚರಣ ಸಾಕು.”

ಇಷ್ಟು ತಿದ್ದುಪಡಿ ಕೊಟ್ಟು ಇಡೀ ಪದ ಕೇಳುವುದು ನ್ಯಾಯವಲ್ಲ. ಗುರುವಾರ ರಾಯರ ವಾರ, ಅಜ್ಜಿಯೂ ಜೊತೆಗೆ ಬರುತ್ತಾರೆ. ಅವರ ಮುಂದೆ ಅವಳು ಆ ಚರಣವನ್ನು ಹಾಡಲಿ. ಉಳಿದವು ಅದರ ಮುಂದಿನ ವಾರ.