ಬರ್ಲಿ, ಬರ್ಲಿ, ಹೋಲ್ಡಾನ್!

ಲಾರಿ ಹಿಂದಕ್ಕೆ ಬರುವಾಗ ಕ್ಲೀನರ್ ಹುಡುಗ ಕೂಗುವ 'ಬರ್ಲಿ, ಬರ್ಲಿ'ಯನ್ನು ವ್ಯಾಕರಣದ ಕಣ್ಣಿಂದ ಒಮ್ಮೆ ನೋಡಬೇಕು. ಕೂಗು ಡ್ರೈವರಿಗೆ, ಆದರೆ ಕ್ರಿಯಾಪದ ಅವನಿಗಲ್ಲ. 'ಬಾ' ಎಂದರೆ ವಯಸ್ಸಲ್ಲಿ ಹಿರಿಯನಾದವನನ್ನು ಏಕವಚನದಲ್ಲಿ ಕರೆದಂತೆ. 'ಬನ್ನಿ' ಎಂದರೆ ಮನೆಗೆ ನೆಂಟರನ್ನು ಕರೆದಂತೆ. ಇವೆರಡನ್ನೂ ಬಿಟ್ಟು ಹುಡುಗ ಗಾಡಿಯನ್ನೇ ಪ್ರಥಮಪುರುಷದಲ್ಲಿ ನಿಲ್ಲಿಸಿ, ಅದು 'ಬರಲಿ' ಎನ್ನುತ್ತಾನೆ. ಆಜ್ಞೆಯೂ ಅಲ್ಲ, ಬೇಡಿಕೆಯೂ ಅಲ್ಲ. ಗೋಡೆಗೆ ಇನ್ನೊಂದು ಗೇಣು ಉಳಿದಾಗ ಮಾತ್ರ ಇಂಗ್ಲಿಷಿಗೆ ಹಾರಿ 'ಹೋಲ್ಡಾನ್' ಎಂದು ಗಾಡಿಯ ಬಡಿಗೆ ಎರಡು ಏಟು ಕೊಡುತ್ತಾನೆ. ವಿಧ್ಯರ್ಥಕ ರೂಪಕ್ಕೆ ಪಠ್ಯಪುಸ್ತಕಗಳು ಕೊಡುವ 'ದೇವರು ಒಳ್ಳೆಯದು ಮಾಡಲಿ' ಎಂಬ ಉದಾಹರಣೆಗಿಂತ ಇದು ಜೀವಂತವಾದದ್ದು ಎಂದು ನನ್ನ ಅನಿಸಿಕೆ.

ಚಾಮರಾಜನಗರ ಸೀಮೆಯ ಆಡುಮಾತಿನ ಬಗ್ಗೆ ನಮ್ಮ ವಿಮರ್ಶೆ ಬರೆದಿರುವುದು ಕಡಿಮೆಯೇನಲ್ಲ. ಮಂಟೇಸ್ವಾಮಿ, ಮಾದೇಶ್ವರ ಕಾವ್ಯಗಳು ಒಂದು ಕಡೆಗೆ. ಇನ್ನೊಂದು ಕಡೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ದೇವನೂರ ಮಹಾದೇವರ 'ಕುಸುಮಬಾಲೆ'. ಆ ಕೃತಿ ಈ ಸೀಮೆಯ ನುಡಿಗೆ ತಂದುಕೊಟ್ಟ ಮರ್ಯಾದೆ ದೊಡ್ಡದು. ಆದರೆ ಅದರ ನಂತರ ನಮ್ಮ ವಿಮರ್ಶೆ ಒಂದು ಬೇಲಿ ಹಾಕಿಕೊಂಡಿತು. ಜಗಲಿ, ಹಟ್ಟಿ, ಪರಸೆಯ ಮಾತಾದರೆ ದೇಸಿ; ಗ್ಯಾರೇಜಿನ ಮಾತಾದರೆ ಬರೀ ಕಂಗ್ಲಿಷ್. ಡಾಂಬರು ಶುರುವಾದ ಕಡೆ ಆಡುಮಾತಿನ ಅಧ್ಯಯನ ನಿಂತುಬಿಡುತ್ತದೆ.

ಗುಂಡ್ಲುಪೇಟೆಯಲ್ಲಿ ನಿಂತು ನೋಡಿದರೆ ಈ ಬೇಲಿ ಎಷ್ಟು ಕೃತಕ ಎಂದು ತಿಳಿಯುತ್ತದೆ. ಮೈಸೂರಿಂದ ಬಂದ ರಸ್ತೆ ಇಲ್ಲಿ ಕವಲಾಗಿ ಒಂದು ಊಟಿಗೆ, ಇನ್ನೊಂದು ಸುಲ್ತಾನ್ ಬತ್ತೇರಿಗೆ ಹೋಗುತ್ತದೆ. 2009ರಿಂದ ಬಂಡೀಪುರದ ಕಾಡಿನೊಳಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವಿಲ್ಲ. ಒಂಬತ್ತಕ್ಕೆ ಗೇಟು ಬಿದ್ದ ಮೇಲೆ ತಲುಪಿದವರು ಬೆಳಗಾಗುವತನಕ ಅಲ್ಲೇ. ತರಕಾರಿ ಗಾಡಿಗಳ ಕನ್ನಡ, ತಮಿಳು, ಮಲಯಾಳಂ ಒಂದೇ ಟೀ ಅಂಗಡಿಯ ಮುಂದೆ ರಾತ್ರಿ ಕಳೆಯುತ್ತವೆ. ಕೇರಳದವರು ಬಸ್ಸಿನ ಬಾಗಿಲಲ್ಲಿ ನೇತಾಡುವ ಕ್ಲೀನರನ್ನು 'ಕಿಳಿ' ಎನ್ನುತ್ತಾರೆ, ಅಂದರೆ ಹಕ್ಕಿ. ನಮ್ಮಲ್ಲಿ ಅವನು ಕ್ಲೀನರೇ. ಈ ಒಂದು ವಿಷಯದಲ್ಲಿ ಮಲಯಾಳಿಗಳ ಕಲ್ಪನೆಯೇ ಮೇಲು.

ನಮ್ಮವರ ಕಸುಬು ಇರುವುದು ಕ್ರಿಯಾಪದದಲ್ಲಿ. ಹಾರನ್ ಹೊಡಿ, ಬ್ರೇಕ್ ಹೊಡಿ, ಸೆಲ್ಫ್ ಹೊಡಿ, ಲೈಟ್ ಹೊಡಿ, ಗಾಳಿ ಹೊಡಿ, ಸೈಡ್ ಹೊಡಿ. ನಾಮಪದಗಳೆಲ್ಲ ಬಹುಪಾಲು ಬಿಡಿಭಾಗಗಳ ಜತೆಗೇ ಹೊರಗಿಂದ ಬಂದವು. ಅವನ್ನು ಕಟ್ಟಿಹಾಕಿದ ಗೂಟ ಮಾತ್ರ ಹಳೆಯದು. ಎತ್ತಿನ ಗಾಡಿಯನ್ನು ನಾವು ಓಡಿಸುತ್ತಿರಲಿಲ್ಲ, ಹೊಡೆಯುತ್ತಿದ್ದೆವು. ಚಾಟಿ ಹೋದರೂ ಕ್ರಿಯಾಪದ ಉಳಿಯಿತು. ದಿಬ್ಬದಲ್ಲಿ ಲಾರಿ 'ಎಳೀತಿಲ್ಲ', ಹಳೆಯ ಇಂಜಿನ್ ಆಯಿಲ್ 'ಕುಡೀತದೆ', ಮಗುಚಿದ ಗಾಡಿ 'ಮಲಕ್ಕೊಂತು'. ಇಷ್ಟೂ ದನಕ್ಕೆ ಆಡುವ ಮಾತು.

ಕುವೆಂಪು 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಬೈಸಿಕಲ್ಲನ್ನು ಮಲೆನಾಡಿನವರ ಬಾಯಲ್ಲಿ 'ಬೀಸೆಕಲ್ಲು' ಮಾಡಿದ್ದು ಎಲ್ಲರಿಗೂ ನೆನಪಿರುತ್ತದೆ. ಅಲ್ಲಿ ನಡೆದದ್ದು ಕಿವಿಯ ಕೆಲಸ: ಕೇಳದ ಪದವನ್ನು ಕೇಳಿದ ಪದಕ್ಕೆ ಜೋಡಿಸುವುದು. ಓದುವಾಗ ನಗು ಬರುತ್ತದೆ, ಯಾಕೆಂದರೆ ಓದುಗನಿಗೆ ಸರಿಯಾದ ಪದ ಗೊತ್ತು. ಗ್ಯಾರೇಜಿನ 'ಹೊಡಿ'ಯಲ್ಲಿ ನಗುವ ಜಾಗವಿಲ್ಲ. ಇಲ್ಲಿ ಯಾರೂ ತಪ್ಪು ಕೇಳಿಸಿಕೊಂಡಿಲ್ಲ. ಗೊತ್ತಿದ್ದ ದುಡಿಮೆಯ ವ್ಯಾಕರಣದೊಳಕ್ಕೆ ಹೊಸ ಯಂತ್ರವನ್ನು ಎಳೆದು ತಂದಿದ್ದಾರೆ, ಅಷ್ಟೆ. ವಿಮರ್ಶೆಗೆ ಮೊದಲನೆಯದು ಕಂಡಷ್ಟು ಸುಲಭವಾಗಿ ಎರಡನೆಯದು ಕಂಡಿಲ್ಲ.

ಹೊರಗಿನ ಒಂದು ಹೋಲಿಕೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸೈಲೆನ್ಸರ್ ಬದಲಿಸಿದ ಬೈಕಿನ ಹುಡುಗರು ಕಂಪನಿಯಿಂದ ಬಂದದ್ದನ್ನು 'ಸ್ಟಾಕ್' ಎನ್ನುತ್ತಾರಲ್ಲ, ಅಮೆರಿಕದ ಸ್ಟಾಕ್ ಕಾರ್ ರೇಸಿನ ಸ್ಟಾಕ್ ಕೂಡ ಅದೇ: ಶೋರೂಮಿನಿಂದ ಬಂದಂಥ ಕಾರು. ಅಲ್ಲಿನ ದಕ್ಷಿಣ ರಾಜ್ಯಗಳಲ್ಲಿ ಕಳ್ಳಭಟ್ಟಿ ಸಾಗಿಸುತ್ತ ಪೊಲೀಸರಿಂದ ತಪ್ಪಿಸಿಕೊಳ್ಳುವುದರಲ್ಲಿ ಪಳಗಿದ ಹಲವರು ಈ ರೇಸಿಗೆ ಬಂದರು. 1948ರಲ್ಲಿ ಅದಕ್ಕೆ ನ್ಯಾಸ್ಕಾರ್ ಎಂಬ ಸಂಸ್ಥೆಯೂ ಆಯಿತು. ಅಂಥವರಲ್ಲೊಬ್ಬ ಜೂನಿಯರ್ ಜಾನ್ಸನ್. 1960ರ ಡೇಟೋನಾ 500ರಲ್ಲಿ ತನಗಿಂತ ವೇಗದ ಕಾರುಗಳ ಬೆನ್ನಿಗೆ ಅಂಟಿಕೊಂಡು, ಅವು ಸೀಳಿದ ಗಾಳಿಯ ಮರೆಯಲ್ಲಿ ಓಡಿ ಗೆದ್ದ. ಅದಕ್ಕೆ ಅವರ ಪದ 'ಡ್ರಾಫ್ಟಿಂಗ್'. 1965ರಲ್ಲಿ ಟಾಮ್ ವುಲ್ಫ್ ಅವನ ಮೇಲೆ 'ಎಸ್ಕ್ವೈರ್' ಪತ್ರಿಕೆಗೆ ಬರೆದ ಲೇಖನವನ್ನು ಇಂದಿಗೂ ಗದ್ಯದ ವಿದ್ಯಾರ್ಥಿಗಳು ಓದುತ್ತಾರೆ. ನ್ಯೂಯಾರ್ಕಿನ ಪತ್ರಕರ್ತನೊಬ್ಬ ಗುಡ್ಡಗಾಡಿನ ಕಾರಿನವರ ಮಾತನ್ನು ಗದ್ಯದ ಕಚ್ಚಾವಸ್ತುವಾಗಿ ಗಂಭೀರವಾಗಿ ತೆಗೆದುಕೊಂಡದ್ದೇ ಅದರ ಮುಖ್ಯ ಸಂಗತಿ.

ಆ ರೇಸಿನಲ್ಲಿ ಸ್ಪಾಟರ್ ಎಂಬೊಬ್ಬನಿರುತ್ತಾನೆ. ಎತ್ತರದಲ್ಲಿ ನಿಂತು, ಪಕ್ಕದಲ್ಲಿ ಕಾರಿದೆಯೇ ಇಲ್ಲವೇ ಎಂದು ರೇಡಿಯೊದಲ್ಲಿ ಡ್ರೈವರಿಗೆ ಹೇಳುವುದು ಅವನ ಕೆಲಸ. ನಮ್ಮ ಕ್ಲೀನರಿನ ಕೆಲಸವೇ, ಸಂಬಳ ಬೇರೆ. ಇನ್ನೆರಡು ಪದ ಅನುವಾದಕರಿಗೆ ಒಳ್ಳೆಯ ಪರೀಕ್ಷೆ. ತಿರುವಿನಲ್ಲಿ ಹಿಂದಿನ ಚಕ್ರಗಳು ಹಿಡಿತ ಕಳೆದುಕೊಂಡು ಬಾಲ ಹೊರಕ್ಕೆ ಜಾರಿದರೆ ಕಾರು 'ಲೂಸ್'. ಮುಂದಿನ ಚಕ್ರ ತಿರುಗಿಸಿದರೂ ಕಾರು ನೇರಕ್ಕೇ ಹೋದರೆ 'ಟೈಟ್'. ಇವನ್ನು ಸಡಿಲ, ಬಿಗಿ ಎಂದರೆ ಕನ್ನಡದವನಿಗೆ ಸ್ಟೇರಿಂಗ್ ನೆನಪಾಗುತ್ತದೆ, ಅರ್ಥ ಕೈಬಿಟ್ಟು ಹೋಗುತ್ತದೆ. ಸಂಸ್ಕೃತದಿಂದ ಕಟ್ಟಿದ 'ಅತಿವರ್ತನೆ'ಯಂಥದು ಇನ್ನೂ ಕಷ್ಟ.

'ಸ್ಟೆಪ್ನಿ'ಯನ್ನು ಬಿಟ್ಟು ಈ ಭಾಷೆಯ ಹೊಗಳಿಕೆ ಮುಂದುವರಿಸುವುದು ಅಪ್ರಾಮಾಣಿಕ. ಕಾರುಗಳಿಗೆ ಹೆಚ್ಚುವರಿ ಚಕ್ರ ಕೊಡುವ ರೂಢಿ ಇಲ್ಲದ ಕಾಲದಲ್ಲಿ, 1904ರಲ್ಲಿ, ವೇಲ್ಸ್‌ನ ಲಾನೆಲ್ಲಿ ಊರಿನಲ್ಲಿ ಅದನ್ನು ಮಾಡತೊಡಗಿದ ಕಂಪನಿಗೆ ಅಲ್ಲಿನ ಸ್ಟೆಪ್ನಿ ಬೀದಿಯ ಹೆಸರು ಬಂತು. ಆ ಬೀದಿಯ ಹೆಸರು ಇವತ್ತು ಗುಂಡ್ಲುಪೇಟೆಯ ಪಂಚರ್ ಅಂಗಡಿಯಲ್ಲಿ ಸಾಮಾನ್ಯ ಪದ. ಜತೆಗೆ ಗಂಡಸರ ಹರಟೆಯಲ್ಲಿ ಅದು ಮದುವೆಯಾಚೆಗಿನ ಹೆಣ್ಣಿಗೆ ಇಡುವ ಹೆಸರೂ ಹೌದು. ಇದೇ ಕಸುಬಿನ ಬಾಯಿ ಯಂತ್ರಕ್ಕೆ ಜೀವ ತುಂಬುತ್ತದೆ, ಹೆಣ್ಣನ್ನು ಬಿಡಿಭಾಗ ಮಾಡುತ್ತದೆ. ನಿಘಂಟು ಎರಡನ್ನೂ ದಾಖಲಿಸಬೇಕು. ವಿಮರ್ಶಕ ಎರಡನೆಯದಕ್ಕೆ 'ಜನಪದರ ಹಾಸ್ಯ' ಎಂಬ ಚೀಟಿ ಅಂಟಿಸಿ ದಾಟಿ ಹೋಗಬಾರದು. ಜಗಲಿಯ ಆಡುಮಾತಿನಲ್ಲಿ ಇದ್ದ ಬೈಗುಳಗಳಿಗೆ ನಾವು ಹಾಗೆ ಮಾಡಿದ್ದೇ ಸಾಕಷ್ಟಾಯಿತು.

ಲೂಸ್, ಟೈಟ್ ಎರಡನ್ನೂ ಚಾಮರಾಜನಗರದ ಒಬ್ಬ ಮೆಕ್ಯಾನಿಕ್ ಅಣ್ಣನ ಮುಂದಿಟ್ಟೆ. ಅವರು 27 ಹೇರ್‌ಪಿನ್ ತಿರುವುಗಳ ದಿಂಬಂ ಘಾಟಿಯನ್ನು ಹತ್ತಿಳಿದು ಹಳಬರು. ಮೊದಲನೆಯದಕ್ಕೆ ಯೋಚಿಸಲೇ ಇಲ್ಲ: 'ಹಿಂದ್ಗಡ ಎಸೀತದ.' ಎರಡನೆಯದಕ್ಕೆ ಸ್ಪ್ಯಾನರ್ ಕೆಳಗಿಟ್ಟು ಎರಡು ಕೈಯಲ್ಲೂ ಇಲ್ಲದ ಸ್ಟೇರಿಂಗನ್ನು ತಿರುಗಿಸಿ ನೋಡಿ ಹೇಳಿದರು: 'ಮುಂದ್ಗಡ ಮಾತ್ ಕೇಳಲ್ಲ.'