ಅಂಕಿಯನ್ನು ಸವಿಯುವ ಬಗೆ: 1968ರ ದಾಖಲೆಗಳ ಜೊತೆ ಒಂದು ಅಭ್ಯಾಸ

ಪತ್ರಿಕೆಯ ಕ್ರೀಡಾಪುಟದಲ್ಲಿ ‘ಹೊಸ ವಿಶ್ವದಾಖಲೆ’ ಎಂಬ ಸುದ್ದಿ ಕಂಡರೆ ನಮ್ಮಲ್ಲಿ ಹೆಚ್ಚಿನವರು ಹೆಸರು ಓದಿ, ಅಂಕಿಯ ಮೇಲೆ ಕಣ್ಣಾಡಿಸಿ, ಪುಟ ತಿರುವುತ್ತೇವೆ. 8.90 ಮೀಟರ್, 9.95 ಸೆಕೆಂಡು, 17.39 ಮೀಟರ್. ಹೀಗೆ ಒಂಟಿಯಾಗಿ ನಿಂತ ಅಂಕಿ ಯಾರ ಎದೆಯನ್ನೂ ತಟ್ಟುವುದಿಲ್ಲ. ತಾಳದ ಪೆಟ್ಟು ಎಲ್ಲಿ ಬೀಳುತ್ತದೆಂದು ಗೊತ್ತಾದ ಮೇಲೆ ಕಛೇರಿಯ ಸುಖ ಹೆಚ್ಚುವ ಹಾಗೆ, ಕೆಲವು ಪ್ರಶ್ನೆಗಳನ್ನು ಕೇಳಲು ಕಲಿತರೆ ದಾಖಲೆಯ ಸುಖವೂ ಹೆಚ್ಚುತ್ತದೆ. ಅದರ ಹಿಂದೆ ಏನಿತ್ತು, ಪಕ್ಕದಲ್ಲಿ ಯಾರಿದ್ದರು, ಸುತ್ತ ಎಂಥ ಹವೆಯಿತ್ತು, ಮುಂದೆ ಏನಾಯಿತು? ಅಂಕಿಯನ್ನು ಇಂಥ ಪ್ರಶ್ನೆಗಳ ನಡುವೆ ಇಟ್ಟು ನೋಡಿದಾಗಲೇ ಅದಕ್ಕೆ ಜೀವ ಬರುತ್ತದೆ.

ಅಭ್ಯಾಸಕ್ಕೆ ಒಂದೇ ವರ್ಷವನ್ನು ಹಿಡಿದು ಕೂರುವುದು ಒಳ್ಳೆಯದು. ನೂರು ವರ್ಷದ ಪಟ್ಟಿ ತಲೆ ತಿರುಗಿಸುತ್ತದೆ. ಒಂದು ವರ್ಷವಾದರೆ ಅದೇ ಕಾಲದ ಮೈದಾನ, ಅದೇ ಸಲಕರಣೆ, ಅದೇ ಪೀಳಿಗೆಯ ಆಟಗಾರರು ಸಿಗುತ್ತಾರೆ. ಹೋಲಿಸಿ ನೋಡಲು ಸುಲಭ. ನಾನು ಹೊಸಬರಿಗೆ ಹೇಳುವುದು 1968ನ್ನು. ಮೆಕ್ಸಿಕೊ ಸಿಟಿಯ ಒಲಿಂಪಿಕ್ಸ್ ಆ ಅಕ್ಟೋಬರಿನಲ್ಲಿ ನಡೆಯಿತು. ದಾಖಲೆಗಳ ಬಗೆಬಗೆಯ ರುಚಿಯನ್ನು ಅಷ್ಟು ಕಡಿಮೆ ದಿನಗಳಲ್ಲಿ ಬಡಿಸಿದ ಕೂಟ ಇನ್ನೊಂದು ನನಗೆ ತಿಳಿದಿಲ್ಲ.

ಮೊದಲ ಪಾಠ: ಹಿಂದಿನ ಅಂಕಿ ಎಷ್ಟಿತ್ತು?

ಅಕ್ಟೋಬರ್ 18ರಂದು ಅಮೆರಿಕದ ಬಾಬ್ ಬೀಮನ್ ಉದ್ದ ಜಿಗಿತದಲ್ಲಿ 8.90 ಮೀಟರ್ ಹಾರಿದರು. ಇದನ್ನು ಓದಿದ ಕೂಡಲೇ ಕೇಳಬೇಕಾದ ಪ್ರಶ್ನೆ, ಅದಕ್ಕೆ ಮುಂಚೆ ಎಷ್ಟಿತ್ತು ಎಂಬುದು. 8.35 ಇತ್ತು. ಅಮೆರಿಕದ ರಾಲ್ಫ್ ಬೋಸ್ಟನ್ ಮತ್ತು ಸೋವಿಯತ್ ಒಕ್ಕೂಟದ ಇಗೊರ್ ತೆರ್-ಒವನೇಸ್ಯನ್ ಇಬ್ಬರೂ ಅದನ್ನು ಹಂಚಿಕೊಂಡಿದ್ದರು. ಉದ್ದ ಜಿಗಿತದ ದಾಖಲೆ ಅದಕ್ಕೆ ಮುಂಚಿನ ವರ್ಷಗಳಲ್ಲಿ ಕೆಲವೇ ಸೆಂಟಿಮೀಟರುಗಳಷ್ಟು ಸರಿಯುತ್ತಾ ಬಂದದ್ದು. ಬೀಮನ್ ಒಂದೇ ನೆಗೆತಕ್ಕೆ 55 ಸೆಂಟಿಮೀಟರ್ ಸೇರಿಸಿಬಿಟ್ಟರು. ಅಡಿ ಲೆಕ್ಕದಲ್ಲಿ ಇನ್ನೂ ಸ್ವಾರಸ್ಯ: ಹಳೆಯ ದಾಖಲೆ 27 ಅಡಿ ಚಿಲ್ಲರೆ, ಹೊಸದು 29 ಅಡಿ ಎರಡೂವರೆ ಅಂಗುಲ. 28 ಅಡಿಯನ್ನು ಯಾರೂ ಮುಟ್ಟಿಯೇ ಇರಲಿಲ್ಲ. ಅದನ್ನು ದಾಟಿಕೊಂಡೇ ಇವರು ಮುಂದೆ ಹೋಗಿ ಬಿದ್ದರು.

ಈಗ ಆ ಗಳಿಗೆಯನ್ನು ಹತ್ತಿರದಿಂದ ನೋಡಿ. ಅರ್ಹತಾ ಸುತ್ತಿನಲ್ಲಿ ಬೀಮನ್ ಎರಡು ಸಲ ಫೌಲ್ ಮಾಡಿದ್ದರು. ಇನ್ನೊಂದು ಫೌಲಾಗಿದ್ದರೆ ಮನೆಗೆ. ಹಲಗೆಗಿಂತ ಹಿಂದಿನಿಂದಲೇ ಜಿಗಿ, ಅಷ್ಟು ಸಾಕು ಎಂದು ಬುದ್ಧಿ ಹೇಳಿದವರು ಎದುರಾಳಿ ಬೋಸ್ಟನ್ನರೇ. ಫೈನಲಿನ ಮೊದಲ ಯತ್ನದಲ್ಲಿ ಬೀಮನ್ ಓಡಿಬಂದು ಹಾರಿದರು. ದೂರ ಅಳೆಯಲು ಅಲ್ಲಿ ಕಂಬಿಯ ಮೇಲೆ ಜಾರುವ ಹೊಸ ದೃಗ್ಯಂತ್ರವಿತ್ತು. ಇವರು ಬಿದ್ದ ಜಾಗ ಆ ಕಂಬಿಯ ಕೊನೆಯನ್ನೂ ಮೀರಿತ್ತು. ಅಧಿಕಾರಿಗಳು ಉಕ್ಕಿನ ಟೇಪು ತರಿಸಿ, ಮತ್ತೆ ಮತ್ತೆ ಅಳೆದರು. ಫಲಕದಲ್ಲಿ 8.90 ಎಂದು ಬಂದಾಗ ಮೀಟರ್ ಲೆಕ್ಕದ ರೂಢಿಯಿಲ್ಲದ ಬೀಮನ್‌ಗೆ ತಾನು ಮಾಡಿದ್ದೇನೆಂದು ಹೊಳೆಯಲಿಲ್ಲ. ಬೋಸ್ಟನ್ ಅಡಿಗಳಲ್ಲಿ ಬಿಡಿಸಿ ಹೇಳಿದ ಮೇಲೆ ಕಾಲು ಸೋತು ಟ್ರ್ಯಾಕಿನ ಮೇಲೆಯೇ ಕುಸಿದರು.

ಇದನ್ನು ಮೈಯಿಂದಲೇ ತಿಳಿಯುವ ದಾರಿ ಒಂದಿದೆ. ಅಂಗಳದಲ್ಲೋ ತಾರಸಿಯಲ್ಲೋ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಿರಿ. ಅಲ್ಲಿಂದ ಟೇಪು ಹಿಡಿದು 8.35ಕ್ಕೆ ಒಂದು ಗುರುತು, 8.90ಕ್ಕೆ ಇನ್ನೊಂದು ಗುರುತು ಹಾಕಿ. ಮೊದಲ ಗೆರೆಯ ಹತ್ತಿರ ನಿಂತು ಆ ಎರಡು ಗುರುತುಗಳ ನಡುವಿನ ಜಾಗವನ್ನು ನೋಡಿ. ಅಂಕಿ ಕಣ್ಣಿಗೆ ಕಾಣಿಸುವುದು ಆಗ.

ಎರಡನೆಯ ಪಾಠ: ಗಾಳಿ, ನೆಲ, ಗಡಿಯಾರ

ಮೆಕ್ಸಿಕೊ ಸಿಟಿ ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ, ನಮ್ಮ ಬೆಂಗಳೂರಿನ ಎರಡು ಪಟ್ಟಿಗಿಂತ ಹೆಚ್ಚು. ಅಲ್ಲಿ ಗಾಳಿ ತೆಳು. ಓಡುವವನನ್ನು ತಡೆಯುವ ಶಕ್ತಿ ಅದಕ್ಕೆ ಕಡಿಮೆ. ಹತ್ತು ಸೆಕೆಂಡಿನ ಓಟಕ್ಕೆ, ಒಂದು ಜಿಗಿತಕ್ಕೆ ಇದು ವರ. ಆದರೆ ಹತ್ತು ಸಾವಿರ ಮೀಟರ್ ಓಡುವವನಿಗೆ ಉಸಿರೇ ಬಂಡವಾಳ. ಅವನ ಪಾಲಿಗೆ ಅದೇ ಗಾಳಿ ಶಾಪ. 1964ರ ಟೋಕಿಯೊದಲ್ಲಿ 10,000 ಮೀಟರ್ ಓಟವನ್ನು ಗೆದ್ದ ಸಮಯ 28 ನಿಮಿಷ 24 ಸೆಕೆಂಡು. ಮೆಕ್ಸಿಕೊದಲ್ಲಿ ಕೆನ್ಯಾದ ನಫ್ತಾಲಿ ತೆಮು ಗೆದ್ದದ್ದು 29 ನಿಮಿಷ 27 ಸೆಕೆಂಡಿನಲ್ಲಿ. ಆ ದೂರದ ವಿಶ್ವದಾಖಲೆ ಹೊಂದಿದ್ದ ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್ ಆರನೆಯವರಾಗಿ ಗೆರೆ ಮುಟ್ಟಿ ಪ್ರಜ್ಞೆ ತಪ್ಪಿ ಬಿದ್ದರು. ಓಟದ ದಾಖಲೆಗಳ ಪಟ್ಟಿಯಲ್ಲಿ ಸಾವಿರ ಮೀಟರಿಗಿಂತ ಎತ್ತರದ ಊರಿನಲ್ಲಿ ಆದದ್ದಕ್ಕೆ ‘ಎ’ ಎಂಬ ಗುರುತು ಹಾಕುವುದು ಇದೇ ಕಾರಣಕ್ಕೆ. ಆ ಪುಟ್ಟ ಅಕ್ಷರವನ್ನು ಗಮನಿಸುವುದು ರಸಿಕನ ಲಕ್ಷಣ.

ನೆಲವೂ ಹೊಸದು. ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಸಿಂಥೆಟಿಕ್ ಟ್ರ್ಯಾಕ್ ಹಾಸಿದ್ದರು. ಇನ್ನು ಗಡಿಯಾರ. ಅದೇ ಜೂನಿನಲ್ಲಿ ಸ್ಯಾಕ್ರಮೆಂಟೊದಲ್ಲಿ ಮೂವರು 100 ಮೀಟರನ್ನು 9.9 ಸೆಕೆಂಡಿನಲ್ಲಿ ಓಡಿದ್ದರು. ಅದು ಕೈಯಿಂದ ಒತ್ತುವ ಗಡಿಯಾರದ ಲೆಕ್ಕ. ಬೆರಳು ಒತ್ತುವುದರಲ್ಲಿ ಆಗುವ ತಡ ಓಟಗಾರನ ಲಾಭಕ್ಕೆ ಹೋಗುತ್ತದೆ. ಆ ಮೂವರಲ್ಲಿ ಒಬ್ಬರಾದ ಜಿಮ್ ಹೈನ್ಸ್ ಅಕ್ಟೋಬರ್ 14ರಂದು ಮೆಕ್ಸಿಕೊದಲ್ಲಿ ಓಡಿದ 9.95, ವಿದ್ಯುತ್ ಗಡಿಯಾರ ಹತ್ತರ ಒಳಗೆ ದಾಖಲಿಸಿದ ಮೊದಲ ಓಟ. ತಗ್ಗು ಊರಿನಲ್ಲಿ ಇಂಥ ಗಡಿಯಾರದ ಮುಂದೆ ಹತ್ತರೊಳಗೆ ಓಡಲು ಕಾರ್ಲ್ ಲೂಯಿಸ್ ಬರಬೇಕಾಯಿತು, 1983ರಲ್ಲಿ. ಹದಿನೈದು ವರ್ಷದ ಈ ಅಂತರವೇ ಹೈನ್ಸ್ ಓಟಕ್ಕೂ ತೆಳು ಗಾಳಿಯ ನೆರವಿಗೂ ಒಟ್ಟಿಗೆ ಸಾಕ್ಷಿ.

ಹಾಗಾದರೆ ಬೀಮನ್ ಜಿಗಿತವೂ ಗಾಳಿಯ ಕೊಡುಗೆಯೇ? ಆಗ ಹಿಂದಿನಿಂದ ಬೀಸುತ್ತಿದ್ದ ಗಾಳಿ ಸೆಕೆಂಡಿಗೆ 2.0 ಮೀಟರ್, ನಿಯಮ ಒಪ್ಪುವ ಮಿತಿಯ ಕೊನೆಯಂಚು. ಈ ಪ್ರಶ್ನೆಗೆ ಉತ್ತರ ಮುಂದಿನ ಪಾಠದಲ್ಲಿದೆ.

ಮೂರನೆಯ ಪಾಠ: ಪಕ್ಕದವರನ್ನು ನೋಡಿ

ಅದೇ ಹೊಂಡಕ್ಕೆ, ಅದೇ ತೆಳು ಗಾಳಿಯಲ್ಲಿ ಜಗತ್ತಿನ ಘಟಾನುಘಟಿಗಳು ಹಾರಿದರು. ಬೆಳ್ಳಿ ಗೆದ್ದ ಪೂರ್ವ ಜರ್ಮನಿಯ ಕ್ಲೌಸ್ ಬೀರ್ ಮುಟ್ಟಿದ್ದು 8.19. ಹಳೆಯ ದಾಖಲೆಯ ಪಾಲುದಾರ ಬೋಸ್ಟನ್ 8.16ರೊಂದಿಗೆ ಮೂರನೆಯವರು. ಬೀಮನ್ ನಂತರ ಮಳೆ ಬಂದು ಉಳಿದವರಿಗೆ ಅಡ್ಡಿಯಾಯಿತು, ನಿಜ. ಆದರೂ 71 ಸೆಂಟಿಮೀಟರಿನ ಅಂತರವನ್ನು ಮಳೆಯ ಲೆಕ್ಕಕ್ಕೂ ಎತ್ತರದ ಲೆಕ್ಕಕ್ಕೂ ಪೂರ್ತಿ ಬರೆಯಲಾಗದು. ಒಬ್ಬ ಮನುಷ್ಯ ತನ್ನ ಕಾಲದ ಎಲ್ಲರಿಗಿಂತ ಎಷ್ಟು ಮುಂದೆ ಇದ್ದ ಎಂಬುದೇ ದಾಖಲೆಯ ನಿಜವಾದ ತೂಕ.

ಇದಕ್ಕೆ ಹಿಂದಿನ ದಿನ ಮುಗಿದ ತ್ರಿವಿಧ ಜಿಗಿತ ತೀರ ಬೇರೆ ರುಚಿಯದು. ಅಲ್ಲಿ ಒಬ್ಬ ಎಲ್ಲರನ್ನೂ ಬಿಟ್ಟು ಹೋಗಲಿಲ್ಲ, ಒಬ್ಬನನ್ನೊಬ್ಬ ಮೇಲಕ್ಕೆ ತಳ್ಳಿದರು. ಪೋಲೆಂಡಿನ ಯೂಸೆಫ್ ಶ್ಮಿಟ್ 1960ರಲ್ಲಿ ಮಾಡಿದ್ದ 17.03 ಎಂಟು ವರ್ಷ ಅಲುಗಾಡಿರಲಿಲ್ಲ. ಅರ್ಹತಾ ಸುತ್ತಿನಲ್ಲೇ ಇಟಲಿಯ ಜುಸೆಪ್ಪೆ ಜೆಂಟಿಲೆ 17.10 ಹಾರಿದರು. ಮರುದಿನ ಫೈನಲಿನಲ್ಲಿ ಅವರೇ 17.22. ಸೋವಿಯತ್ ಒಕ್ಕೂಟದ ವಿಕ್ಟರ್ ಸನೇಯೆವ್ ಅದಕ್ಕೆ ಒಂದೇ ಸೆಂಟಿಮೀಟರ್ ಸೇರಿಸಿ 17.23. ಬ್ರೆಜಿಲಿನ ನೆಲ್ಸನ್ ಪ್ರುಡೆನ್ಸಿಯೊ 17.27. ಕೊನೆಯ ಸುತ್ತಿನಲ್ಲಿ ಸನೇಯೆವ್ ಮತ್ತೆ ಬಂದು 17.39. ಎರಡು ದಿನದಲ್ಲಿ ವಿಶ್ವದಾಖಲೆ ಐದು ಸಲ ಮುರಿಯಿತು. ಎರಡು ಸಲ ವಿಶ್ವದಾಖಲೆ ಮಾಡಿದ ಜೆಂಟಿಲೆಗೆ ಸಿಕ್ಕಿದ್ದು ಕಂಚು! ಪುಸ್ತಕದಲ್ಲಿ ಆ ವರ್ಷದ ಸಾಲಿಗೆ ಸನೇಯೆವ್ ಹೆಸರಷ್ಟೇ ಕೊನೆಗೆ ಉಳಿಯಬಹುದು. ಆದರೆ 17.39ರೊಳಗೆ ಜೆಂಟಿಲೆಯೂ ಇದ್ದಾರೆ, ಪ್ರುಡೆನ್ಸಿಯೊ ಕೂಡ ಇದ್ದಾರೆ. ಹಾಗಾಗಿ ಅಂಕಿಯನ್ನು ಓದುವಾಗ ಪದಕಪಟ್ಟಿಯ ಕೆಳಗಿನ ಸಾಲುಗಳನ್ನೂ ಓದಿ.

ನಾಲ್ಕನೆಯ ಪಾಠ: ದಾಖಲೆ ಬೇರೆ, ಮೈಲಿಗಲ್ಲು ಬೇರೆ

ಡಿಕ್ ಫಾಸ್ಬರಿ ಎತ್ತರ ಜಿಗಿತದಲ್ಲಿ 2.24 ಮೀಟರ್ ಹಾರಿ ಚಿನ್ನ ಗೆದ್ದರು. ಅದು ಒಲಿಂಪಿಕ್ ದಾಖಲೆ, ವಿಶ್ವದಾಖಲೆಯಲ್ಲ. ವಾಲೆರಿ ಬ್ರುಮೆಲ್ 1963ರಲ್ಲೇ 2.28 ಹಾರಿದ್ದರು. ವಿಶ್ವದಾಖಲೆ ಫಾಸ್ಬರಿಗೆ ಎಂದೂ ದಕ್ಕಲಿಲ್ಲ. ಆದರೂ ಇಂದು ಎತ್ತರ ಜಿಗಿಯುವ ಪ್ರತಿ ಹುಡುಗ ಹುಡುಗಿಯೂ ಹಾರುವುದು ಅವರ ಹಾಗೆಯೇ: ಬಾಗಿದ ದಾರಿಯಲ್ಲಿ ಓಡಿಬಂದು, ಕೋಲಿಗೆ ಬೆನ್ನು ಮಾಡಿ, ತಲೆ ಮೊದಲು ದಾಟಿಸಿ, ಬೆನ್ನಿನ ಮೇಲೆ ಬಿದ್ದು. ಮರಳ ಹೊಂಡದ ಕಾಲದಲ್ಲಿ ಹೀಗೆ ಬಿದ್ದರೆ ಕತ್ತು ಮುರಿಯುತ್ತಿತ್ತು. ದಪ್ಪ ಸ್ಪಂಜಿನ ಹಾಸಿಗೆ ಬಂದದ್ದರಿಂದ ಈ ಶೈಲಿಯ ದಾರಿ ಸಲೀಸಾಯಿತು. ದಾಖಲೆ ಮುರಿಯುತ್ತದೆ. ಮೈಲಿಗಲ್ಲು ನೆಟ್ಟಲ್ಲೇ ಇರುತ್ತದೆ, ದಾರಿಯೇ ಅಲ್ಲಿಂದ ತಿರುಗುತ್ತದೆ. ಅದೇ ಕೂಟದಲ್ಲಿ ವಯೋಮಿಯಾ ಟೈಯಸ್ 100 ಮೀಟರ್ ಚಿನ್ನವನ್ನು ಸತತ ಎರಡನೆಯ ಸಲ ಗೆದ್ದರು. ಗಂಡಸರಲ್ಲಾಗಲಿ ಹೆಂಗಸರಲ್ಲಾಗಲಿ ಅಲ್ಲಿಯವರೆಗೆ ಅದನ್ನು ಮಾಡಿದವರಿರಲಿಲ್ಲ. ಮೆಕ್ಸಿಕೊದ ಎನ್ರಿಕೆಟಾ ಬಸಿಲಿಯೊ ಒಲಿಂಪಿಕ್ ಜ್ಯೋತಿ ಬೆಳಗಿದ ಮೊದಲ ಮಹಿಳೆಯಾದರು.

ನಮ್ಮವರ ಮೈಲಿಗಲ್ಲೂ ಆ ವರ್ಷದ್ದೇ. 1932ರಿಂದ ಟೆಸ್ಟ್ ಆಡುತ್ತಿದ್ದ ಭಾರತ ಹೊರದೇಶದಲ್ಲಿ ಒಂದು ಟೆಸ್ಟನ್ನೂ ಗೆದ್ದಿರಲಿಲ್ಲ. 1968ರ ಫೆಬ್ರುವರಿಯಲ್ಲಿ ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ ಮೊದಲ ಗೆಲುವು. ಪಟೌಡಿ ನಾಯಕತ್ವದಲ್ಲಿ ಸರಣಿ 3–1. ಈ ಗೆಲುವಿನ ಬೆನ್ನೆಲುಬು ನಮ್ಮ ಎರಾಪಳ್ಳಿ ಪ್ರಸನ್ನ, ನಾಲ್ಕು ಟೆಸ್ಟುಗಳಲ್ಲಿ 24 ವಿಕೆಟ್. ಇಲ್ಲಿಯೂ ಹಿಂದಿನದನ್ನು ಕೇಳಿ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದು ಮುಗಿಸಲೆಂದು ಅವರು 1962ರಿಂದ 1967ರವರೆಗೆ ಟೆಸ್ಟ್ ಆಟದಿಂದ ದೂರವಿದ್ದರು. ನ್ಯೂಜಿಲೆಂಡಿಗೆ ಬರುವ ಮೊದಲು ಅದೇ ಪ್ರವಾಸದಲ್ಲಿ ಭಾರತ ಆಸ್ಟ್ರೇಲಿಯಾದ ಎದುರು 4–0ಯಿಂದ ಸೋತಿತ್ತು, ಆ ಸೋಲಿನಲ್ಲೂ ಪ್ರಸನ್ನ 25 ವಿಕೆಟ್ ಕಿತ್ತಿದ್ದರು. ಇಷ್ಟು ತಿಳಿದ ಮೇಲೆ 24 ಎಂಬ ಅಂಕಿ ಮೊದಲಿನ 24 ಆಗಿ ಉಳಿಯುವುದಿಲ್ಲ.

ಮೈಲಿಗಲ್ಲು ನೋವಿನದೂ ಇರಬಹುದು. 1928ರಿಂದ ಪ್ರತಿ ಒಲಿಂಪಿಕ್ ಹಾಕಿ ಫೈನಲ್ ಆಡಿದ್ದ ಭಾರತ ಮೆಕ್ಸಿಕೊದಲ್ಲಿ ಆಸ್ಟ್ರೇಲಿಯಾಕ್ಕೆ ಸೆಮಿಫೈನಲಿನಲ್ಲಿ ಸೋತು ಕಂಚಿಗೆ ಇಳಿಯಿತು. ಅದನ್ನೂ ನಿಮ್ಮ ಪಟ್ಟಿಯಲ್ಲಿ ಬರೆದುಕೊಳ್ಳಿ.

ಐದನೆಯ ಪಾಠ: ನಿಯಮ ಗೊತ್ತಿರಲಿ

ಆಗಸ್ಟ್ 31, ವೇಲ್ಸ್‌ನ ಸ್ವಾನ್ಸಿ. ನಾಟಿಂಗ್‌ಹ್ಯಾಮ್‌ಶೈರ್ ಪರ ಆಡುತ್ತಿದ್ದ ಗ್ಯಾರಿ ಸೋಬರ್ಸ್, ಗ್ಲಾಮರ್ಗನ್‌ನ ಮಾಲ್ಕಮ್ ನ್ಯಾಶ್ ಎಸೆದ ಓವರಿನ ಆರೂ ಎಸೆತಗಳನ್ನು ಸಿಕ್ಸರ್ ಎತ್ತಿದರು. ಪ್ರಥಮ ದರ್ಜೆ ಕ್ರಿಕೆಟ್ಟಿನಲ್ಲಿ ಅದೇ ಮೊದಲು. ಇಲ್ಲಿ ಕಣ್ಣಿಡಬೇಕಾದದ್ದು ಐದನೆಯ ಎಸೆತದ ಮೇಲೆ. ರೋಜರ್ ಡೇವಿಸ್ ಗಡಿಯ ಹತ್ತಿರ ಕ್ಯಾಚ್ ಹಿಡಿದೇಬಿಟ್ಟರು, ಆದರೆ ಚೆಂಡಿನ ಸಮೇತ ಹಿಂದಕ್ಕೆ ಉರುಳಿ ಗೆರೆಯಾಚೆ ಬಿದ್ದರು. ಹೊರನಡೆಯಲು ಸಿದ್ಧರಾಗಿದ್ದ ಸೋಬರ್ಸ್ ನಿಂತರು. ಅಂಪೈರುಗಳು ಮಾತಾಡಿಕೊಂಡು ಸಿಕ್ಸರ್ ಕೊಟ್ಟರು. ಗಡಿಯೊಳಗೇ ಉಳಿದು ಹಿಡಿದರೆ ಮಾತ್ರ ಕ್ಯಾಚ್ ಎಂಬ ನಿಯಮ ಬಂದದ್ದು ಆ ಋತುವಿನಲ್ಲೇ. ಹಳೆಯ ನಿಯಮವೇ ಇದ್ದಿದ್ದರೆ 36ರ ಓವರ್ ಇರುತ್ತಲೇ ಇರಲಿಲ್ಲ. ನ್ಯಾಶ್ ಮೂಲತಃ ಮಧ್ಯಮ ವೇಗದ ಬೌಲರ್, ಆ ದಿನ ನಿಧಾನದ ಎಡಗೈ ಸ್ಪಿನ್ ಪರೀಕ್ಷಿಸುತ್ತಿದ್ದರು ಎಂಬುದೂ ತಿಳಿದಿರಲಿ. ಬಿಬಿಸಿಯ ಕ್ಯಾಮೆರಾ ಅಲ್ಲಿದ್ದದ್ದು ನಮ್ಮ ಪುಣ್ಯ. ಆ ತುಣುಕನ್ನು ನೋಡುವಾಗ ಚೆಂಡನ್ನು ಬಿಟ್ಟು ಐದನೆಯ ಎಸೆತದ ನಂತರ ಬ್ಯಾಟರ್ ಮತ್ತು ಅಂಪೈರ್ ಮುಖಗಳನ್ನು ನೋಡಿ.

ಆರನೆಯ ಪಾಠ: ಎಷ್ಟು ಕಾಲ ಬಾಳಿತು?

ದಾಖಲೆಯ ಆಯುಷ್ಯ ಅದರ ಬಗ್ಗೆ ಬಹಳ ಹೇಳುತ್ತದೆ. ಹೈನ್ಸ್ ಅವರ 9.95 ಹದಿನೈದು ವರ್ಷ ಬಾಳಿತು. ಅದನ್ನು 1983ರಲ್ಲಿ 9.93ರಿಂದ ಮುರಿದ ಕ್ಯಾಲ್ವಿನ್ ಸ್ಮಿತ್ ಓಡಿದ್ದೂ ಎತ್ತರದ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲೇ. 400 ಮೀಟರಿನಲ್ಲಿ ಲೀ ಇವಾನ್ಸ್ ಅವರ 43.86 ಇಪ್ಪತ್ತು ವರ್ಷ. ಬೀಮನ್ ಅವರ 8.90ಅನ್ನು ಮೈಕ್ ಪೊವೆಲ್ 1991ರಲ್ಲಿ ಟೋಕಿಯೊದಲ್ಲಿ 8.95 ಹಾರಿ ಮುರಿದರು, ಅದೂ ತಗ್ಗಿನ ಊರಿನಲ್ಲಿ. ಆದರೆ ಒಲಿಂಪಿಕ್ ದಾಖಲೆಯಾಗಿ 8.90 ಮುರಿಯದೆ ನಿಂತಿದೆ. 200 ಮೀಟರ್ ಪದಕ ವೇದಿಕೆಯಲ್ಲಿ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ಕಪ್ಪು ಗವಸಿನ ಮುಷ್ಟಿ ಎತ್ತಿದ ಚಿತ್ರವನ್ನು ನೀವು ನೋಡಿರುತ್ತೀರಿ. ಅಲ್ಲಿ ಎರಡನೆಯ ಸ್ಥಾನದಲ್ಲಿ ನಿಂತ ಪೀಟರ್ ನಾರ್ಮನ್ ಓಡಿದ 20.06, ಆಸ್ಟ್ರೇಲಿಯಾದ ದಾಖಲೆಯಾಗಿ 2024ರವರೆಗೆ ಉಳಿಯಿತು.

ಇನ್ನು ನಿಮ್ಮ ಅಭ್ಯಾಸ

ಒಂದು ನೋಟುಪುಸ್ತಕ ಮಾಡಿ. ಪ್ರತಿ ದಾಖಲೆಗೂ ಆರು ಕಾಲಂ: ಹಿಂದಿನ ಅಂಕಿ, ಪರಿಸ್ಥಿತಿ, ಪಕ್ಕದವರು, ಆಟವನ್ನು ಬದಲಿಸಿತೇ, ನಿಯಮ, ಆಯುಷ್ಯ. ತುಂಬುತ್ತಾ ಹೋದಂತೆ ದೂರದ ಅಂಕಿಗಳು ನಮ್ಮೂರಿನವುಗಳ ಜೊತೆ ಮಾತಾಡಲು ತೊಡಗುತ್ತವೆ. 2023ರ ಮಾರ್ಚ್‌ನಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಕೂಟದಲ್ಲಿ ತಮಿಳುನಾಡಿನ ಜೆಸ್ವಿನ್ ಆಲ್ಡ್ರಿನ್ 8.42 ಮೀಟರ್ ಹಾರಿ ರಾಷ್ಟ್ರೀಯ ದಾಖಲೆ ಬರೆದರು. ನೋಟುಪುಸ್ತಕ ತೆರೆದು ನೋಡಿ: ಬೀಮನ್ ಹಾರುವ ಹಿಂದಿನ ದಿನ ಇಡೀ ಜಗತ್ತಿನ ಅತಿ ದೊಡ್ಡ ಜಿಗಿತ 8.35. ನಮ್ಮ ಮಣ್ಣಿನಲ್ಲಿ ಒಬ್ಬ ಹುಡುಗ ಅದನ್ನು ದಾಟಿದ್ದಾನೆ. ಜೊತೆಗೆ ಬೀಮನ್ ಇನ್ನೂ 48 ಸೆಂಟಿಮೀಟರ್ ಮುಂದಿದ್ದಾರೆ. ಹೆಮ್ಮೆ ಮತ್ತು ಬೆರಗು ಎರಡನ್ನೂ ಒಂದೇ ಲೆಕ್ಕದಲ್ಲಿ ಪಡೆಯುವುದು ಸಾಧ್ಯವಾದದ್ದು ಪ್ರಶ್ನೆ ಕೇಳಲು ಕಲಿತದ್ದರಿಂದ.

ಇದೇ ಪ್ರಶ್ನೆಗಳನ್ನು ನಿಮ್ಮ ತಾಲ್ಲೂಕು ಕ್ರೀಡಾಕೂಟಕ್ಕೂ ಕೊಂಡೊಯ್ಯಿರಿ. ಜಿಗಿತದ ಹೊಂಡದ ಪಕ್ಕ ನಿಂತು, ಟೇಪು ಹಿಡಿದ ಪಿ.ಟಿ. ಮೇಷ್ಟ್ರನ್ನು ಈ ಕೂಟದ ದಾಖಲೆ ಎಷ್ಟು ಸರ್, ಯಾರದ್ದು, ಯಾವ ವರ್ಷದ್ದು ಎಂದು ಕೇಳಿ. ಉತ್ತರ ಸಿಕ್ಕ ಕ್ಷಣದಿಂದ, ಮುಂದೆ ಓಡಿಬರುವ ಪ್ರತಿ ಹುಡುಗಿಯ ಜಿಗಿತವನ್ನೂ ನೀವು ಬೇರೆಯೇ ಕಣ್ಣಿನಿಂದ ನೋಡುತ್ತೀರಿ.